ನಮ್ಮ ಇಸ್ಪೀಟ್ ಡೆಕ್‌ಗೆ ಎಡಿಷನ್ ಹೆಸರು ಏನಿಡೋದು? ಮಾಡಿಸಿದವರು, ಕೂಡಿಟ್ಟವರು ಹೇಳಿ

ತುಮಕೂರಿನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ ಸೇರಿ ಒಂದು ಇಸ್ಪೀಟ್ ಡೆಕ್ ಮಾಡಿಸುತ್ತಿದ್ದೇವೆ. ಚಿತ್ರ ಪೂರ್ತಿ ಅವಳದು. ಎಲೆಗಳ ಹಿಂಬದಿಗೆ ಮಧುಗಿರಿ ಏಕಶಿಲಾ ಬೆಟ್ಟ, ಮೇಲಿನ ಕೋಟೆ ಗೋಡೆ. ಮೊದಲು ಕೆಂಪು ಬಣ್ಣದಲ್ಲಿ 300 ಕಟ್ಟು, ಖರ್ಚಾದರೆ ಮುಂದೆ ನೀಲಿ. ಪೆಟ್ಟಿಗೆ ಮೇಲೆ ‘ಲಿಮಿಟೆಡ್ ಎಡಿಷನ್’ ಅಂತ ಹಾಕೋಣವಾ, ‘ಫಸ್ಟ್ ಎಡಿಷನ್’ ಸಾಕಾ, ಇಲ್ಲಾ ಬೇರೆ ಹೆಸರೇ ಬೇಕಾ? ಹೊರದೇಶದ ಡೆಕ್‌ಗಳಿಗೆ ಈ ಹೆಸರುಗಳು ಹೇಗೆ ಬರುತ್ತವೆ? ಗೊತ್ತಿರುವವರು ಹೇಳಿ.

ತಿಪಟೂರಿನಿಂದ:
ತಮ್ಮಾ, ಓದಿ ತುಂಬಾ ಖುಷಿ ಆಯ್ತು. ನಮ್ಮ ಕಡೆ ಇಸ್ಪೀಟು ಅಂದರೆ ಮನೆಯಲ್ಲಿ ಮುಖ ಗಂಟಿಕ್ಕುತ್ತಾರೆ, ಅದರ ಚಿತ್ರಕಲೆ ನೋಡುವವರೇ ಕಡಿಮೆ. ನಾನು ಕಾಲೇಜು ದಿನಗಳಿಂದ ಡೆಕ್ ಕೂಡಿಡುತ್ತಾ ಬಂದಿದ್ದೇನೆ.

ಹಳೆಯ ಹೆಸರುಗಳು ಬಹಳ ಸರಳ. ಬೈಸಿಕಲ್ ಡೆಕ್ ಬಂದದ್ದು 1885ರಲ್ಲಿ. ಆಗ ಅಮೆರಿಕದಲ್ಲಿ ಸೈಕಲ್ ಹುಚ್ಚು ಜೋರಾಗಿತ್ತು, ಅದೇ ಹೆಸರಾಯಿತು. ಏವಿಯೇಟರ್ 1927ರದು, ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿ ಹಾರಿದ ವರ್ಷ. ಬೈಸಿಕಲ್ ಡೆಕ್ ಮಾಡಿದ ಕಂಪನಿ ಬ್ರ್ಯಾಂಡಿಗೊಂದು ನಂಬರನ್ನೂ ಕೊಡುತ್ತಿತ್ತು: ಟೈಗರ್ಸ್ 101, ಕಾಂಗ್ರೆಸ್ 606, ಬೈಸಿಕಲ್ 808. ಇವತ್ತಿಗೂ ಬೈಸಿಕಲ್ ಡೆಕ್ಕಿನ ಮೇಲೆ 808 ಇರುತ್ತೆ. ಬೀ ಡೆಕ್‌ನ ನಂಬರ್ 92, ಯಾಕೆಂದರೆ ಅದು ಹುಟ್ಟಿದ್ದು 1892ರಲ್ಲಿ. ಒಂದೇ ಬ್ರ್ಯಾಂಡಿನಲ್ಲಿ ಬೇರೆ ಬೇರೆ ಕಟ್ಟುಗಳಿದ್ದಾಗ ಹಿಂಬದಿಯ ಚಿತ್ರವೇ ಹೆಸರು. ಸೈಕಲ್ ಮೇಲೆ ಕೂತ ದೇವದೂತನ ಚಿತ್ರ ಇದ್ದರೆ ರೈಡರ್ ಬ್ಯಾಕ್, ಟ್ಯಾಲಿ-ಹೋ ಅನ್ನೋ ಇನ್ನೊಂದು ಬ್ರ್ಯಾಂಡಿನಲ್ಲಿ ಸರ್ಕಲ್ ಬ್ಯಾಕ್, ಫ್ಯಾನ್ ಬ್ಯಾಕ್.

ಎಡಿಷನ್ ಅನ್ನೋದು ಜೋರಾಗಿದ್ದು ಡೆಕ್ಕನ್ನು ಆಟಕ್ಕಲ್ಲದೆ ಕೂಡಿಡಲು ಕೊಳ್ಳುವವರು ಜಾಸ್ತಿ ಆದಮೇಲೆ. ಆರ್ಬಿಟ್ ಡೆಕ್‌ನವರು ವಿ1, ವಿ2 ಅಂತ ನಂಬರ್ ಹಾಕಿಕೊಂಡೇ ಹೋದರು. ಸಿಂಗಪುರದ ವರ್ಚುವೋಸೊ ತಂಡ ಬಟ್ಟೆ ಫ್ಯಾಷನ್ ತರಹ ಋತು ಮತ್ತು ವರ್ಷ ಹಿಡಿದು ಹೆಸರಿಟ್ಟಿತು. ಎರಡೂ ನನಗೆ ಇಷ್ಟ, ಏಕೆಂದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ರಿಸರ್ವ್, ಪ್ರೀಮಿಯಂ, ಫೌಂಡರ್ಸ್ ಇವೆಲ್ಲ ಏನನ್ನೂ ತಿಳಿಸುವುದಿಲ್ಲ. ಅವು ನಿಮಗೆ ಬೇಡ.

ಕೆಜಿಎಫ್‌ನಿಂದ:
‘ಲಿಮಿಟೆಡ್’ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಲಿಮಿಟೆಡ್ ಅಂತ ಬರೆದ ಡೆಕ್ಕೊಂದನ್ನು ಜಾಸ್ತಿ ದುಡ್ಡು ಕೊಟ್ಟು ತಗೊಂಡಿದ್ದೆ. ಮಾರನೇ ವರ್ಷ ಅದೇ ಚಿತ್ರ, ಅದೇ ಬಣ್ಣ, ಪೆಟ್ಟಿಗೆಯ ಅಂಚಿನಲ್ಲಿ ಒಂದು ಗೆರೆ ಬದಲಾಯಿಸಿ ಮತ್ತೆ ಬಿಟ್ಟರು. ಎಷ್ಟು ಕಟ್ಟು ಅಂತ ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಕೇಳೋಕೂ ದಾರಿ ಇರಲಿಲ್ಲ. ನೀವು 300 ಅಂದರೆ 300 ಅಂತಲೇ ಬರೆಯಿರಿ, ಆಗುವುದಾದರೆ ಸೀಲಿನ ಮೇಲೆ ಕ್ರಮಸಂಖ್ಯೆ ಹಾಕಿ. ಆ ಕೆಂಪು ಮತ್ತೆ ಯಾವತ್ತೂ ಅಚ್ಚಾಗಬಾರದು. ಆಗಲೇಬೇಕು ಅಂದರೆ ‘ಎರಡನೇ ಮುದ್ರಣ’ ಅಂತ ಕಾಣುವ ಹಾಗೆ ಹಾಕಿ.

ಸರಿಯಾಗಿ ಮಾಡಿದವರೂ ಇದ್ದಾರೆ. ಜೆರ್ರೀಸ್ ನಗೆಟ್ ಅಂತ ಲಾಸ್ ವೇಗಸ್ ಕಡೆಯ ಕ್ಯಾಸಿನೊ, 1970ರಲ್ಲಿ ತನಗೆ ಅಂತ ಡೆಕ್ ಮಾಡಿಸಿತು. ಆಮೇಲೆ ಗಿಫ್ಟ್ ಅಂಗಡಿಯಲ್ಲಿ ಅಗ್ಗಕ್ಕೆ ಮಾರಿತು. ಈಗ ಆ ಮೂಲ ಕಟ್ಟಿಗೆ ನೂರಾರು ಡಾಲರ್. 2019ರಲ್ಲಿ ಮರುಮುದ್ರಣ ಮಾಡಿದಾಗ ‘ವಿಂಟೇಜ್ ಫೀಲ್’, ‘ಮಾಡರ್ನ್ ಫೀಲ್’ ಅಂತ ಬೇರೆ ಹೆಸರು ಕೊಟ್ಟರು. ಹಳೆಯದು ಹಳೆಯದಾಗಿಯೇ ಉಳಿಯಿತು, ಹೊಸದನ್ನು ಕೊಂಡವನಿಗೂ ಕೈಗೆ ಏನು ಬರುತ್ತೆ ಅನ್ನೋದು ಗೊತ್ತಿತ್ತು.

ಒಂದು ಆಸೆ ಹೇಳಲಾ? ಯಾರಾದರೂ ನಮ್ಮ ಗಣಿಗಳ ಮೇಲೆ ಡೆಕ್ ಮಾಡಬೇಕು. ಚಾಂಪಿಯನ್ ರೀಫ್, ಊರಗಾಂ, ನಂದಿದುರ್ಗ, ಮೈಸೂರು ಮೈನ್ಸ್, ಒಂದೊಂದು ಎಡಿಷನ್‌ಗೆ ಒಂದೊಂದು ಗಣಿ. ಎಲೆಗಳ ಅಂಚಿಗೆ ಚಿನ್ನದ ಬಣ್ಣ ಬಳಿದ ಕಟ್ಟಿಗೆ ಚಾಂಪಿಯನ್ ರೀಫ್ ಹೆಸರು. 2001ರಲ್ಲಿ ಗಣಿ ಮುಚ್ಚಿದಮೇಲೆ ಹುಟ್ಟಿದ ಮಕ್ಕಳಿಗೆ ಈ ಹೆಸರುಗಳು ಹಾಗಾದರೂ ಬಾಯಿಗೆ ಬರಲಿ.

ಚಿಂತಾಮಣಿಯಿಂದ:
ಹೊರದೇಶದವರನ್ನೇ ಯಾಕೆ ನೋಡಬೇಕು? ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಗಂಜೀಫಾಗೆ, ಅಂದರೆ ಕೈಯಲ್ಲಿ ಚಿತ್ರ ಬರೆದ ನಮ್ಮ ಹಳೆಯ ಕಾಲದ ಎಲೆಗಳಿಗೆ, ಹೊಸ ಹೊಸ ಆಟ ಕಟ್ಟಿ ಒಂದೊಂದಕ್ಕೂ ಹೆಸರು ಕೊಟ್ಟಿದ್ದರು. ಚಾಮುಂಡೇಶ್ವರಿ ಛದ್‌ಗೆ 320 ಎಲೆ, ಜಗನ್ಮೋಹನ ಛದ್‌ಗೆ 360. ಹೆಸರು ಹೇಳಿದರೆ ಸಾಕು, ಯಾವ ಕಟ್ಟು ಅಂತ ಆಡುವವರಿಗೆ ತಿಳಿಯುತ್ತಿತ್ತು. ದಶಾವತಾರ ಗಂಜೀಫಾದಲ್ಲಂತೂ ಅವತಾರಕ್ಕೆ 12ರಂತೆ 120 ಎಲೆ. ಅಚ್ಚಕನ್ನಡದಲ್ಲಿ ಹೆಸರಿಡಿ.

ಚಿಕ್ಕಬಳ್ಳಾಪುರದಿಂದ:
ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಸೈನ್ ಮಾಡುತ್ತೇನೆ, ಕೆಲಸದ ಮಾತು ಮಾತ್ರ ಹೇಳುತ್ತೇನೆ. ಎಡಿಷನ್ ಹೆಸರನ್ನು ಪೆಟ್ಟಿಗೆ ಮೇಲೆ ಮಾತ್ರ ಹಾಕಬೇಡಿ. ಪೆಟ್ಟಿಗೆ ಹರಿಯುತ್ತೆ, ಕಳೆಯುತ್ತೆ, ಎಲೆ ಉಳಿಯುತ್ತೆ. ಡೆಕ್ಕನ್ನು ದೊಡ್ಡ ಶೀಟಿನಲ್ಲಿ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ಶೀಟಿನಲ್ಲಿ 56 ಎಲೆಗೆ ಜಾಗ ಇದ್ದರೆ, 52 ಎಲೆ, ಎರಡು ಜೋಕರ್ ಹೋಗಿ ಇನ್ನೂ ಎರಡು ಸಿಗುತ್ತೆ. ಒಂದರಲ್ಲಿ ಹೆಸರು, ಬಣ್ಣ, ವರ್ಷ, ಎಷ್ಟು ಕಟ್ಟು ಅಂತ ಬರೆಯಿರಿ. ಇಸ್ಪೀಟ್ ಎಕ್ಕದ ಮೇಲೂ ಸಣ್ಣದಾಗಿ ಹಾಕಬಹುದು. ಬೈಸಿಕಲ್ ಡೆಕ್‌ಗಳ ಎಕ್ಕದ ಮೇಲೆ ಒಂದು ಅಕ್ಷರ, ಪಕ್ಕದಲ್ಲಿ ಅಂಕಿ ಇರುತ್ತೆ ನೋಡಿ, ಹಳೆಯ ಕಟ್ಟಿನ ವರ್ಷ ಕಂಡುಹಿಡಿಯುವುದೇ ಆ ಅಕ್ಷರದಿಂದ.

ತುಮಕೂರಿನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಲಿಮಿಟೆಡ್’ ಕೈಬಿಟ್ಟೆವು. ‘ಮಧುಗಿರಿ, ಕೆಂಪು, ಮೊದಲ ಮುದ್ರಣ, 300 ಕಟ್ಟು’ ಅಂತ ಬರೆಯುತ್ತೇವೆ. ಎಕ್ಕದ ಮೇಲೆ ವರ್ಷವನ್ನು ಕನ್ನಡ ಅಂಕಿಯಲ್ಲಿ ಹಾಕಬೇಕು ಅಂತ ತಂಗಿ ಹಟ ಹಿಡಿದಿದ್ದಾಳೆ. ಚಿಕ್ಕಬಳ್ಳಾಪುರದ ಅಕ್ಕಾ, ಅಷ್ಟು ಸಣ್ಣ ಅಕ್ಷರದಲ್ಲಿ ಸರಿಯಾಗಿ ಬರುತ್ತಾ?

ಚಿಕ್ಕಬಳ್ಳಾಪುರದಿಂದ:
ಬರುತ್ತೆ. ಗೆರೆ ತೀರಾ ತೆಳು ಇರಬಾರದು, ಸುರುಳಿಗಳ ಒಳಗೆ ಇಂಕು ತುಂಬಿಕೊಳ್ಳದಷ್ಟು ಜಾಗ ಬಿಡಬೇಕು. ನಿಜವಾದ ಅಳತೆಯಲ್ಲೇ ಒಂದು ಪ್ರೂಫ್ ತೆಗೆಸಿ, ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿ ಒಪ್ಪಿಗೆ ಕೊಡಬೇಡಿ.