ಯುಟಿಲಿಟಿಯಿಂದ ಹಾಲ್‌ಗೆ ಗ್ಯಾಸ್ ಪೈಪ್: ಅಗ್ಗಿಷ್ಟಿಕೆಗಾಗಿ ಎಳೆಸಬಹುದೇ?

ಬನಶಂಕರಿ ನಿವಾಸಿ:
ಎಲ್ಲರಿಗೂ ನಮಸ್ಕಾರ. 30×40 ನಿವೇಶನದಲ್ಲಿರುವ ನಮ್ಮ ಮನೆಗೆ ಗೇಲ್ ಗ್ಯಾಸ್ ಸಂಸ್ಥೆಯ ಪೈಪ್ ಸಂಪರ್ಕವಿದ್ದು, ಮೀಟರ್ ಹಿಂಬದಿಯ ಯುಟಿಲಿಟಿಯಲ್ಲಿದೆ. ಸದ್ಯಕ್ಕೆ ಮೂರು ಬರ್ನರ್‌ನ ಒಲೆ ಮತ್ತು ಒಂದು ಗೀಸರ್ ಅದರಿಂದಲೇ ನಡೆಯುತ್ತಿವೆ. ಕೀಲುನೋವಿರುವ ನಮ್ಮ ತಾಯಿಯವರಿಗೆ ಡಿಸೆಂಬರ್, ಜನವರಿಯ ಸಂಜೆಗಳಲ್ಲಿ ಹಾಲ್‌ನಲ್ಲಿ ಕುಳಿತುಕೊಳ್ಳುವುದೇ ಕಷ್ಟವಾಗುವುದರಿಂದ, ಮನೆಯ ನವೀಕರಣದ ಜೊತೆಗೇ ಅಲ್ಲೊಂದು ಗ್ಯಾಸ್ ಅಗ್ಗಿಷ್ಟಿಕೆಯನ್ನು ಕೂರಿಸುವ ಆಲೋಚನೆಯಿದೆ. ಅದರ ಮೇಲೆ 9 ಕಿಲೋವ್ಯಾಟ್ ಎಂದು ಬರೆದಿದೆ. ಮೀಟರ್‌ನಿಂದ ಹಾಲ್‌ಗೆ ಸುಮಾರು 11 ಮೀಟರ್ ದೂರ. ಪೈಪನ್ನು ಟೈಲ್ಸ್ ಕೆಳಗೆ ಹೂತುಬಿಡೋಣ ಎನ್ನುತ್ತಾರೆ ಮೇಸ್ತ್ರಿ. ಫಾಲ್ಸ್ ಸೀಲಿಂಗ್ ಒಳಗೆ ಒಯ್ಯೋಣ ಎನ್ನುತ್ತಾರೆ ಇಂಟೀರಿಯರ್‌ನವರು. ಯಾವುದು ಸರಿ?

ಅನಿಲ ಜೋಡಣೆಯ ಕೆಲಸದಲ್ಲಿರುವವರು:
ಎರಡೂ ಬೇಡ ಸರ್. ನೈಸರ್ಗಿಕ ಅನಿಲ ಗಾಳಿಗಿಂತ ಹಗುರವಾದದ್ದು. ಫಾಲ್ಸ್ ಸೀಲಿಂಗ್ ಒಳಗೆ ಒಂದು ಬೆಸುಗೆ ಸಣ್ಣಗೆ ಸೋರಿದರೂ ಅನಿಲವು ಅಲ್ಲಿಯೇ, ನಿಮ್ಮ ವಿದ್ಯುತ್ ತಂತಿಗಳ ಪಕ್ಕದಲ್ಲಿಯೇ ಸೇರಿಕೊಳ್ಳುತ್ತದೆ. ಟೈಲ್ಸ್ ಕೆಳಗೆ ಹೂತ ಪೈಪ್ ತೇವದಿಂದ ಸವೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಂದೆ ಯಾರೋ ಡ್ರಿಲ್ ಹಿಡಿದು ಬಂದಾಗ ಅಲ್ಲಿ ಪೈಪ್ ಇದೆಯೆಂದು ಹೇಳುವವರೂ ಇರುವುದಿಲ್ಲ. ಕಾಂಪೌಂಡ್ ಕಡೆಯ ಹೊರಗೋಡೆಯ ಮೇಲೆ, ಕ್ಲ್ಯಾಂಪ್ ಹಾಕಿ, ಕಣ್ಣಿಗೆ ಕಾಣುವಂತೆ ಪೈಪನ್ನು ತಂದು, ಅಗ್ಗಿಷ್ಟಿಕೆ ಇರುವ ಜಾಗದಲ್ಲಿ ಮಾತ್ರ ಒಂದು ಸ್ಲೀವ್ (ಪೈಪಿನ ಸುತ್ತ ಬರುವ ಹೊರಕೊಳವೆ) ಮೂಲಕ ಗೋಡೆಯನ್ನು ದಾಟಿಸುವುದು ಒಳ್ಳೆಯದು. ನೋಡಲು ಚೆನ್ನಾಗಿಲ್ಲ ಎಂದು ಇಂಟೀರಿಯರ್‌ನವರು ಮುಖ ಸಿಂಡರಿಸಬಹುದು; ಗೋಡೆಯ ಬಣ್ಣವನ್ನೇ ಬಳಿದರೆ ಅಷ್ಟೇನೂ ಎದ್ದು ಕಾಣುವುದಿಲ್ಲ.

ಆದರೆ ದಾರಿಗಿಂತ ಮೊದಲು ಲೆಕ್ಕ ಹಾಕಬೇಕು. ಒಂದು ಘನ ಮೀಟರ್ ಅನಿಲದಿಂದ ಹೆಚ್ಚುಕಡಿಮೆ 10 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಸಿಗುತ್ತದೆ. ಅಂದರೆ ನಿಮ್ಮ ಅಗ್ಗಿಷ್ಟಿಕೆಗೆ ಗಂಟೆಗೆ 0.9 ಘನ ಮೀಟರ್, ಸಾಮಾನ್ಯ ಗೀಸರ್‌ಗೆ 1.1ರಷ್ಟು, ಮೂರು ಬರ್ನರ್‌ಗಳೂ ಉರಿಯುವಾಗ ಒಲೆಗೆ ಅರ್ಧಕ್ಕಿಂತ ತುಸು ಹೆಚ್ಚು ಬೇಕು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಜಿ1.6 ಮೀಟರ್‌ನ ಗರಿಷ್ಠ ಮಿತಿ ಗಂಟೆಗೆ 2.5 ಘನ ಮೀಟರ್. ಮೂರೂ ಒಟ್ಟಿಗೆ ಉರಿದರೆ ನೀವು ಆ ಅಂಚಿಗೇ ಬಂದು ನಿಲ್ಲುತ್ತೀರಿ. ಮನೆಯೊಳಗಿನ ಒತ್ತಡವಾದರೂ ಬರೀ 21 ಮಿಲಿಬಾರ್ ಆದ್ದರಿಂದ, 11 ಮೀಟರ್ ಉದ್ದವನ್ನು ಒಲೆಗೆ ಎಳೆದಿರುವ ಅದೇ ಸಣ್ಣ ಪೈಪಿನಲ್ಲಿ, ನಾಲ್ಕೈದು ಮೊಣಕೈ ತಿರುವುಗಳೊಂದಿಗೆ ಎಳೆದರೆ ಉರಿ ಸೊರಗುತ್ತದೆ.

ಅಗ್ಗಿಷ್ಟಿಕೆಯ ಜೆಟ್, ಅಂದರೆ ಬರ್ನರ್‌ಗೆ ಅನಿಲ ಬಿಡುವ ಸಣ್ಣ ರಂಧ್ರದ ಬಿಡಿಭಾಗ, ಯಾವ ಅನಿಲಕ್ಕೆ ಮಾಡಿದ್ದು ಎಂಬುದನ್ನೂ ಕೇಳಿ. ಸಿಲಿಂಡರ್ ಗ್ಯಾಸ್‌ಗೆ ಮಾಡಿದ ಜೆಟ್‌ನ ರಂಧ್ರ ಚಿಕ್ಕದು, ಅದನ್ನು ಬದಲಾಯಿಸದೆ ಪೈಪ್ ಗ್ಯಾಸ್‌ಗೆ ಜೋಡಿಸುವಂತಿಲ್ಲ. ಮೀಟರ್ ನಂತರದ ಪೈಪನ್ನು ಸ್ಥಳೀಯ ಪ್ಲಂಬರ್ ಕೈಗೆ ಕೊಡದೆ, ಸಂಸ್ಥೆಗೆ ಅರ್ಜಿ ಕೊಟ್ಟು ಅವರ ಗುತ್ತಿಗೆದಾರರಿಂದಲೇ ಮಾಡಿಸಿ.

ಮಲ್ಲೇಶ್ವರದ ಗೃಹಿಣಿ:
ಪೈಪಿನ ವಿಷಯವನ್ನು ಮೇಲಿನವರು ವಿವರವಾಗಿ ಹೇಳಿದ್ದಾರೆ. ನಾನು ಕೇಳಬೇಕೆಂದಿರುವುದು, ಹೊಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ನಮ್ಮ ಮನೆಗೆ ಚಿಮಣಿಯೇ ಇಲ್ಲದ ಅಗ್ಗಿಷ್ಟಿಕೆಯನ್ನು ಮಾರಿದವರು, ಇದರಲ್ಲಿ ಹೊಗೆಯೇ ಬರುವುದಿಲ್ಲ ಅಮ್ಮ ಎಂದು ಹೇಳಿಹೋದರು. ಕಣ್ಣಿಗೆ ಕಾಣುವ ಹೊಗೆ ಬರಲಿಲ್ಲ, ನಿಜ. ಆದರೆ ಚಳಿಗೆಂದು ಕಿಟಕಿಗಳನ್ನು ಮುಚ್ಚಿ ಉರಿಸಿದ ಅರ್ಧ ಗಂಟೆಯಲ್ಲಿ ಗಾಜಿನ ಮೇಲೆಲ್ಲ ನೀರಿನ ಹನಿ, ನಮ್ಮ ಮಾವನವರಿಗೆ ತಲೆನೋವು. ಒಂದು ಘನ ಮೀಟರ್ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆಂದು ನನಗೆ ಆಮೇಲೆ ತಿಳಿಯಿತು. ಅದಕ್ಕಿಂತ ಭಯದ್ದು ಕಾರ್ಬನ್ ಮಾನಾಕ್ಸೈಡ್: ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ ಗ್ಯಾಸ್ ಆದರೆ ಬೆರೆಸಿದ ಘಾಟಿನಿಂದ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್‌ಗಳಿಂದ ನಮ್ಮ ಊರಿನಲ್ಲಿಯೇ ಜೀವಗಳು ಹೋಗಿವೆ. ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊರಕ್ಕೇ ಬಿಡುವ, ಮುಂದೆ ಗಾಜು ಮುಚ್ಚಿರುವ ಬಗೆಯದಾದರೆ ಮಾತ್ರ ತೆಗೆದುಕೊಳ್ಳಿ. ವಯಸ್ಸಾದವರು ಕುಳಿತುಕೊಳ್ಳುವ ಕೋಣೆ ಎಂದಿರಲ್ಲ, ಅದಕ್ಕೇ ಇಷ್ಟು ಹೇಳಿದೆ.

ಬಸವನಗುಡಿಯ ಹಿರಿಯರು:
ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ವರ್ಷಕ್ಕೆ ಎರಡು ತಿಂಗಳಿಗಾಗಿ ಗೋಡೆ ಕೊರೆಸುವುದಕ್ಕಿಂತ ಒಂದು ಆಯಿಲ್ ಹೀಟರ್ ಸಾಕಾಗುವುದಿಲ್ಲವೇ?

ಬನಶಂಕರಿ ನಿವಾಸಿ:
ಎಲ್ಲರಿಗೂ ಧನ್ಯವಾದಗಳು. ಹಿರಿಯರ ಮಾತನ್ನು ತಾಯಿಯವರಿಗೆ ಓದಿ ಹೇಳಿದೆ. ಅವರಿಗೆ ಬೆಂಕಿಯೇ ಕಾಣಬೇಕಂತೆ. ನಾವು ನೋಡಿದ್ದು ಚಿಮಣಿಯಿಲ್ಲದ ಬಗೆಯೇ ಆದ್ದರಿಂದ ಅದನ್ನು ಕೈಬಿಟ್ಟಿದ್ದೇವೆ. ಗಾಜು ಮುಚ್ಚಿದ ಬಗೆ ಸಿಕ್ಕಿದರೆ ಹೊರಗೋಡೆಯ ದಾರಿಗೇ ಅರ್ಜಿ ಕೊಡುತ್ತೇನೆ. ಬಂದ್ ಮಾಡುವ ವಾಲ್ವ್ ಎಲ್ಲಿರಬೇಕು?

ಅನಿಲ ಜೋಡಣೆಯ ಕೆಲಸದಲ್ಲಿರುವವರು:
ಎರಡು ಇರಲಿ. ಒಂದು ಮೀಟರ್ ಬಳಿ, ಈ ಪೈಪ್ ಕವಲೊಡೆಯುವಲ್ಲಿ. ಇನ್ನೊಂದು ಹಾಲ್‌ನಲ್ಲಿ, ಬೆಂಕಿಯ ಮುಂದೆ ಕೈಚಾಚದೆ ಪಕ್ಕದಿಂದಲೇ ತಿರುಗಿಸಲು ಸಿಗುವಂತೆ. ಬೇಸಿಗೆ ಬಂದಾಗ ಮೀಟರ್ ಬಳಿಯದನ್ನು ಮುಚ್ಚಿಬಿಡಿ. ಪೈಪ್‌ಗೆ ಬಣ್ಣ ಹಚ್ಚುವ ಮೊದಲು ಗಾಳಿ ತುಂಬಿಸಿ, ಗೇಜ್‌ನ ಮುಳ್ಳು ಇಳಿಯುವುದಿಲ್ಲವೆಂದು ನಿಮ್ಮ ಎದುರಿಗೇ ತೋರಿಸಲು ಹೇಳಿ; ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ ನೋಡಿ.