ಕೊಡಗಿನ ಕೊನೇ ರಾಜ ಅಂದ್ರೆ ನಮಗೆ ನೆನಪಾಗೋದು ಇತಿಹಾಸಾನಾ, ಕಾದಂಬರೀನಾ?

ಗದ್ದುಗೆ_ರಸ್ತೆ:
ಹೋದ ವಾರ ಮಡಿಕೇರಿ ಗದ್ದುಗೆಗೆ ಹೋಗಿದ್ವಿ. ದೊಡ್ಡವೀರರಾಜನ ಸಮಾಧಿ ಇದೆ, ಲಿಂಗರಾಜಂದಿದೆ, ಕೊನೇ ರಾಜ ಚಿಕ್ಕವೀರರಾಜಂದು ಮಾತ್ರ ಇಲ್ಲ, ಅವನು 1859ರಲ್ಲಿ ಲಂಡನ್ನಲ್ಲಿ ತೀರಿಕೊಂಡ. ಜೊತೇಲಿದ್ದ ಅತ್ತೆ ಮಗ "ಆ ಕುಡುಕ ತಾನೆ, ತಂಗೀನೇ ಸೆರೇಲಿ ಇಟ್ಟೋನು" ಅಂದ. ಅವನು ಓದಿರೋದು ಮಾಸ್ತಿಯವರ 'ಚಿಕವೀರ ರಾಜೇಂದ್ರ' ಒಂದೇ. ಯೋಚ್ನೆ ಮಾಡಿದ್ರೆ ನನಗೆ ಗೊತ್ತಿರೋದೂ ಅಷ್ಟೇ, ಕುಂಟ ಬಸವ, ಬೋಪಣ್ಣ, ರಾಣಿ ಗೌರಮ್ಮ ಎಲ್ಲ ಅಲ್ಲಿಂದಾನೇ ಬಂದೋರು. ರಾಜ ಕೆಟ್ಟೋನು ಅಂತಾನೇ ಈಸ್ಟ್ ಇಂಡಿಯಾ ಕಂಪನಿ ರಾಜ್ಯ ತಗೊಂಡಿದ್ದಾ?

ಹಳೇ_ಕಡತ:
ಕಂಪನಿ ಹೇಳ್ಕೊಂಡಿದ್ದು ಹಾಗೇ. 1834ರ ಮೇ ತಿಂಗಳಲ್ಲಿ ಕಂಪನಿ ಅಧಿಕಾರಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೇಲಿ ಕಂಪನಿ ಆಡಳಿತಾನ ಕೊಡಗಿನ ಜನರೆಲ್ಲ ಒಮ್ಮತದಿಂದ ಬಯಸಿದ್ರು ಅಂತಿದೆ, ಆದ್ರೆ ಅದಕ್ಕೂ ಮುಂಚೆ ಏಪ್ರಿಲ್‌ನಲ್ಲೇ ಸೈನ್ಯ ನುಗ್ಗಿಸಿ ಮಡಿಕೇರಿ ಕೋಟೆ ಹಿಡ್ಕೊಂಡಾಗಿತ್ತು. ರಾಜನ ಕ್ರೌರ್ಯದ ಕಥೆಗಳು ಪುಸ್ತಕವಾಗಿ ಬಂದಿದ್ದು 1855ರಲ್ಲಿ, ಬರೆದೋರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಅದೇ ಜರ್ಮನ್ ಪಾದ್ರಿ ಮೋಗ್ಲಿಂಗ್. ಆಗ ರಾಜ ಕಂಪನಿ ಹತ್ರ ಇದ್ದ ಮನೆತನದ ದುಡ್ಡು ವಾಪಸ್ ಕೇಳ್ಕೊಂಡು ಲಂಡನ್ನಲ್ಲಿದ್ದ. ಎಲ್ಲಾ ಸುಳ್ಳು ಅಂತ ಹೇಳ್ತಿಲ್ಲ, ಆದ್ರೆ ಯಾರು ಯಾವಾಗ ಬರೆದ್ರು ಅಂತ ನೋಡ್ಬೇಕು. ಮಾಸ್ತಿಯವರು ಸಾಹೇಬರ ಲೆಕ್ಕಾಚಾರಾನೂ ಬರೆದಿದ್ದಾರೆ, ನಾವು ನೆನಪಿಟ್ಟುಕೊಂಡಿದ್ದು ಕುಡಿತ ಮಾತ್ರ.

ಸುಳ್ಯದವ:
ಒಮ್ಮತ ಅಂತೆ! ಮೂರೇ ವರ್ಷಕ್ಕೆ, 1837ರಲ್ಲಿ, ನಮ್ಮ ಅಮರ ಸುಳ್ಯದ ರೈತರು ಎದ್ದದ್ದು ಅದೇ ರಾಜನ ಹಾಲೇರಿ ವಂಶದ ಹೆಸರಲ್ಲಿ ಮಾರಾಯ್ರೆ. ರಾಜನ ಕಾಲದಲ್ಲಿ ಬೆಳೆದದ್ದನ್ನೇ ಕಂದಾಯ ಅಂತ ಕೊಟ್ಟರೆ ಆಗ್ತಿತ್ತು, ಕಂಪನಿ ರೊಕ್ಕವೇ ಬೇಕು ಅಂತ ಕೂತಿತು, ಭತ್ತ ಅಡಿಕೆ ಬೆಳೆಯುವವನ ಕೈಯಲ್ಲಿ ರೊಕ್ಕ ಎಲ್ಲಿಂದ ಬರಬೇಕು? ಮಂಗಳೂರಿಗೆ ಹೋಗಿ ಬಾವುಟಗುಡ್ಡೆಯಲ್ಲಿ ಕಂಪನಿ ಬಾವುಟ ಇಳಿಸಿದ್ರು. ಆಮೇಲೆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ಗಲ್ಲಿಗೆ ಹಾಕಿದ್ರು. ಇಷ್ಟಾದ್ರೂ ನನ್ನ ಅಜ್ಜ ಇದನ್ನು "ಕಲ್ಯಾಣಪ್ಪನ ಕಾಟಕಾಯಿ" ಅಂತಲೇ ಹೇಳ್ತಿದ್ದದ್ದು, ದರೋಡೆ ಅನ್ನುವ ಹಾಗೆ; ಕಲ್ಯಾಣಪ್ಪ ಅಂದರೆ ದಂಗೆಯ ಮುಂದೆ ನಿಂತ ಕಲ್ಯಾಣಸ್ವಾಮಿ. ಸತ್ತವರು ನಮ್ಮವರೇ, ಹೆಸರು ಮಾತ್ರ ಗೆದ್ದವರು ಇಟ್ಟದ್ದು. ನಿರಂಜನರ ಕಾದಂಬರಿ 'ಕಲ್ಯಾಣಸ್ವಾಮಿ' ಓದಿದ ಮೇಲೆ ನಾನು ಆ ಮಾತು ಆಡುವುದೇ ಬಿಟ್ಟೆ. ಕಾದಂಬರಿ ಹಾಗೂ ಮಾಡ್ತದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ದಂಗೆಯ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದ ದಿನ ಅಜ್ಜ ಇರಬೇಕಿತ್ತು.

ಗದ್ದುಗೆ_ರಸ್ತೆ:
ಆ ಕೋಟೆಯೊಳಗೆ ಕಲ್ಲಾನೆ ಪಕ್ಕ ನಿಂತು ಫೋಟೋ ತೆಗೆಸ್ಕೊಂಡು ಬಂದ್ವಿ, ಅಪ್ಪಯ್ಯ ಗೌಡರ ಹೆಸರು ಒಬ್ಬರ ಬಾಯಲ್ಲೂ ಬರ್ಲಿಲ್ಲ. ನಿರಂಜನರ ಪುಸ್ತಕ ಈಗ ಎಲ್ಲಿ ಸಿಗುತ್ತೆ ಹೇಳಿ, ಎರಡು ಪ್ರತಿ ಬೇಕು.