ಪದಚರ್ಚೆ: ‘ಮಾಡೆಸ್ಟ್ ಸ್ವಿಮ್‌ವೇರ್’ಗೆ ‘ಸಭ್ಯ ಈಜುಡುಗೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪತ್ರಿಕೆಗಾಗಿ ಬುರ್ಕಿನಿ (ಮುಖ, ಕೈ, ಪಾದ ಬಿಟ್ಟು ಮೈಯೆಲ್ಲ ಮುಚ್ಚುವ ಈಜುಡುಗೆ) ಬಗ್ಗೆ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕು ಸಾಲು ಸಲೀಸಾಗಿ ಹೋಯಿತು. ಐದನೆಯ ಸಾಲಿನಲ್ಲಿ, ಇಂಥ ಮೈಮುಚ್ಚುವ ಈಜುಡುಗೆಗಳಿಗೆಲ್ಲ ಸೇರಿಸಿ ‘ಮಾಡೆಸ್ಟ್ ಸ್ವಿಮ್‌ವೇರ್’ ಅಂತ ಬಂತು. ಅಲ್ಲೇ ಕೂತಿದ್ದೇನೆ, ಮೂರು ದಿನವಾಯಿತು.

ಮೊದಲು ಬರೆದದ್ದು ‘ಸಭ್ಯ ಈಜುಡುಗೆ’. ಓದಲು ಚೆನ್ನಾಗಿಯೇ ಇತ್ತು. ಆಮೇಲೆ ಹೊಳೆಯಿತು. ಮೈ ಪೂರ್ತಿ ಮುಚ್ಚುವುದು ಸಭ್ಯ ಅಂದರೆ, ವಾರಕ್ಕೆ ಮೂರು ದಿನ ನಾನು ಹಾಕಿಕೊಂಡು ನೀರಿಗಿಳಿಯುವ ತೋಳಿಲ್ಲದ ಕಾಸ್ಟ್ಯೂಮು ಏನಾಯಿತು? ಪದ ಹುಡುಕಲು ಹೋಗಿ ನನಗೆ ನಾನೇ ಬೈದುಕೊಂಡ ಹಾಗಾಯಿತು.

ನಾನು ಹೋಗುವ ಈಜುಕೊಳದ ಒಂದು ಪ್ರಸಂಗ ಹೇಳುತ್ತೇನೆ. (‘ಈಜುಗೊಳ’ ಸರಿ ಅಂತ ಯಾರೂ ಶುರು ಮಾಡಬೇಡಿ. ಬೋರ್ಡಿನಲ್ಲಿ ‘ಈಜುಕೊಳ’ ಅಂತಲೇ ಇದೆ.) ಬೆಳಗ್ಗೆ ಹನ್ನೊಂದಕ್ಕೆ ಲೇಡೀಸ್ ಬ್ಯಾಚ್. ಗೇಟಿನ ಪಕ್ಕದ ನೀಲಿ ಬೋರ್ಡಿನಲ್ಲಿ ಮೂರನೆಯ ಸಾಲು ‘ಸಭ್ಯ ಉಡುಪು ಧರಿಸತಕ್ಕದ್ದು’. ನಾಲ್ಕನೆಯ ಸಾಲು ‘ಈಜುಡುಪು ಕಡ್ಡಾಯ’. ಕಳೆದ ತಿಂಗಳು ಒಬ್ಬ ಹುಡುಗಿ ಬಂದಳು. ಕಡುನೀಲಿ ಬಟ್ಟೆ, ಮಣಿಕಟ್ಟಿನವರೆಗೆ ತೋಳು, ಹಿಮ್ಮಡಿಯವರೆಗೆ ಪ್ಯಾಂಟು, ತಲೆಗೂ ಅದೇ ಬಟ್ಟೆ. ಕೌಂಟರಿನ ಹುಡುಗ, ‘ಮೇಡಂ, ಡ್ರೆಸ್ ಹಾಕ್ಕೊಂಡು ಇಳಿಯಂಗಿಲ್ಲ’ ಅಂದ. ‘ಇದು ಡ್ರೆಸ್ ಅಲ್ಲ ಅಣ್ಣಾ, ಕಾಸ್ಟ್ಯೂಮೇ’ ಅಂದಳು. ಅವನು ನಾಲ್ಕನೆಯ ಸಾಲು ತೋರಿಸಿದ. ಅವಳು ಮೂರನೆಯ ಸಾಲು ತೋರಿಸಿದಳು. ಇಬ್ಬರೂ ಸರಿ!

ಅಷ್ಟರಲ್ಲಿ ಲೇಡೀಸ್ ಕಡೆ ನೋಡಿಕೊಳ್ಳುವ ಅಕ್ಕ ಒಳಗಿಂದ ಬಂದರು. ಏನೂ ಮಾತಾಡಲಿಲ್ಲ. ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ಒಂದು ಸಲ ಎಳೆದು ಬಿಟ್ಟರು. ಬಟ್ಟೆ ಪಟ್ ಅಂತ ಮೈಗೆ ವಾಪಸ್ ಅಂಟಿಕೊಂಡಿತು. ‘ಕಾಟನ್ ಅಲ್ಲ ಕಣೋ. ಫುಲ್ ಕಾಸ್ಟ್ಯೂಮು. ಬಿಡು’ ಅಂದರು.

ಹತ್ತಿ ಬಟ್ಟೆ ಬೇಡ ಅನ್ನುವುದಕ್ಕೆ ಕಾರಣ ಇದೆ. ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಫಿಲ್ಟರಿಗೆ ಸೇರುತ್ತದೆ. ಆ ಅಕ್ಕನಿಗೆ ಬೇಕಾಗಿದ್ದು ಅಷ್ಟೇ. ಬಟ್ಟೆ ಎಂಥದ್ದು ಅಂತ ನೋಡಿದರು, ಹುಡುಗಿ ಎಂಥವಳು ಅಂತ ನೋಡಲಿಲ್ಲ. ನಾನು ಹುಡುಕುತ್ತಿರುವ ಪದವೂ ಅಷ್ಟೇ ಮಾಡಲಿ ಅಂತ ನನ್ನ ಆಸೆ.

‘ಸಭ್ಯ’ ಬೇಡ ಅನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ಲೇಖನದ ಒಳಗೇ ಸಿಕ್ಕಿತು. 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಜನರ ಮೇಲೆ ಲಾರಿ ಹರಿಸಿದ ದಾಳಿ ನಡೆಯಿತು. ಅದರ ಬೆನ್ನಿಗೇ ಕಾನ್ ನಗರದಿಂದ ಶುರುವಾಗಿ ಅಲ್ಲಿನ ಸುಮಾರು 30 ಊರುಗಳು ಬೀಚಿನಲ್ಲಿ ಬುರ್ಕಿನಿ ನಿಷೇಧಿಸಿದವು. ಆದರೆ ಕಾನ್ ಮೇಯರ್ ಆದೇಶದಲ್ಲಿ ಇದ್ದ ಮಾತು ನೋಡಿ. ಸರಿಯಾದ ಉಡುಪು, ಅಂದರೆ ಸದಾಚಾರಕ್ಕೂ ಸೆಕ್ಯುಲರ್ ತತ್ವಕ್ಕೂ ಗೌರವ ಕೊಡುವ ಉಡುಪು ಇಲ್ಲದವರು ಬೀಚಿಗೆ ಬರುವಂತಿಲ್ಲ ಅಂತ. ಇದನ್ನು ನಮ್ಮ ಬೋರ್ಡು ಬರೆಯುವವರ ಕೈಗೆ ಕೊಟ್ಟರೆ ಏನು ಬರೆಯುತ್ತಾರೆ? ‘ಸಭ್ಯ ಉಡುಪು ಧರಿಸತಕ್ಕದ್ದು’! ಮುಚ್ಚುವವರೂ ಸಭ್ಯತೆಗಾಗಿ, ಬಿಚ್ಚಿಸುವವರೂ ಸಭ್ಯತೆಗಾಗಿ. ಒಂದೇ ಪುಟದಲ್ಲಿ ‘ಸಭ್ಯ’ ಎರಡು ಕಡೆಗೂ ಬಂದರೆ ಓದುವವರ ಗತಿ ಏನು?

ಆಸ್ಟ್ರೇಲಿಯಾದಲ್ಲಿ ಇದರ ಉಲ್ಟಾ ಆಗಿತ್ತು. ಸಿಡ್ನಿ ಕಡೆಯ ಬೀಚುಗಳಲ್ಲಿ 1935ರ ನಿಯಮದ ಪ್ರಕಾರ ಈಜುಡುಗೆಯ ಕಾಲು ಕನಿಷ್ಠ 3 ಇಂಚು ಇರಬೇಕಿತ್ತು. ಬೋಂಡಿ ಬೀಚಿನ ಇನ್‌ಸ್ಪೆಕ್ಟರು ಬಿಕಿನಿ ಹಾಕಿದ ಹೆಂಗಸರನ್ನು ಹೊರಗೆ ಕಳಿಸುತ್ತಿದ್ದರು. ಬುರ್ಕಿನಿ ಹುಟ್ಟಿದ್ದೂ ಅದೇ ಸಿಡ್ನಿಯಲ್ಲಿ. ಲೆಬನಾನಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಅಹೇದಾ ಜನೆಟ್ಟಿ, ತಂಗಿಯ ಮಗಳೋ ಅಕ್ಕನ ಮಗಳೋ (ಇಂಗ್ಲಿಷಿನ ‘ನೀಸ್’ ಯಾವತ್ತೂ ಹೇಳಲ್ಲ), ಆ ಹುಡುಗಿ ತಲೆಗೆ ಹಿಜಾಬ್ ಸುತ್ತಿ, ಬಟ್ಟೆಯ ಮೇಲೆ ಬಟ್ಟೆ ಹಾಕಿಕೊಂಡು ನೆಟ್‌ಬಾಲ್ ಆಡಲು ಒದ್ದಾಡುವುದನ್ನು ನೋಡಿ, ಆಟಕ್ಕೆ ಹಗುರ ಬಟ್ಟೆ ಹೊಲಿದರು. ಅದಾದ ಮೇಲೆ ನೀರಿನ ಬಟ್ಟೆ. ಇದು 2004ರ ಮಾತು. ಇದನ್ನು ಕೊಳ್ಳುವವರಲ್ಲಿ ಮುಸ್ಲಿಮರಲ್ಲದವರೂ ಇದ್ದಾರೆ. ಬಿಸಿಲಿಗೆ ಚರ್ಮ ಸುಡದಿರಲಿ ಅನ್ನುವವರು, ಗಾಯದ ಕಲೆ ಇರುವವರು. 2011ರಲ್ಲಿ ಅಡುಗೆ ಕಾರ್ಯಕ್ರಮಗಳ ನೈಜೆಲಾ ಲಾಸನ್ ಬೋಂಡಿ ಬೀಚಿನಲ್ಲೇ ಇದನ್ನು ಹಾಕಿಕೊಂಡು ಸುದ್ದಿಯಾದರು. ಅವರ ಉಡುಗೆಯನ್ನು ‘ಲಜ್ಜೆಯ ಉಡುಗೆ’ ಅಂತ ಕರೆದರೆ ಅರ್ಥವೇ ಆಗುವುದಿಲ್ಲ, ಅಲ್ವಾ?

ಉಳಿದ ಪದಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ. ‘ಮಾನ’ ಅಂದರೆ ಪೊಲೀಸ್ ಠಾಣೆಯ ವಾಸನೆ. ಹಳೆಯ ದಂಡ ಸಂಹಿತೆಯ 354ನೆಯ ಕಲಮಿನಲ್ಲಿದ್ದ ಇಂಗ್ಲಿಷಿನ ಇದೇ ‘ಮಾಡೆಸ್ಟಿ’ಯನ್ನು ನಾವು ‘ಮಾನಭಂಗ’ ಮಾಡಿಕೊಂಡಿದ್ದೇವೆ. ‘ಮರ್ಯಾದೆಯ ಈಜುಡುಗೆ’ ಅಂದರೆ ಅತ್ತೆಮನೆಯ ಮಾತು. ‘ಸಂಕೋಚ’ ಅಂದರೆ ನಾಚಿ ಮುದುಡಿಕೊಂಡವಳು, ಆದರೆ ನಾನು ನೋಡಿದ ಹುಡುಗಿ ನೇರ ಹೋಗಿ ಆಳದ ಕಡೆಯಿಂದ ಡೈವ್ ಹೊಡೆದಳು. ‘ವಿನೀತ’ ಅಂದರೆ ಕೈಮುಗಿದು ನಿಂತ ಬಟ್ಟೆ. ಇನ್ನು ‘ಲಜ್ಜೆ’. ಅಕ್ಕಮಹಾದೇವಿಯ ‘ಲಜ್ಜೆಗೆಟ್ಟವಳು’ ಯಾರಾದರೂ ತಂದೇ ತರುತ್ತೀರಿ, ಗೊತ್ತು. ಬೈಗುಳವನ್ನೇ ಬೆಳಕು ಮಾಡಿಕೊಂಡ ಮಾತು ಅದು. ಅದಕ್ಕೇ ಈಜುಡುಗೆಯ ಚೀಟಿಯ ಮೇಲೆ ಅಂಟಿಸಲು ಆಗುವುದಿಲ್ಲ.

ನನ್ನ ಓಟು ಸದ್ಯಕ್ಕೆ ‘ಮೈತುಂಬ’ಕ್ಕೆ. ‘ಮೈತುಂಬ ಈಜುಡುಗೆ’. ‘ಮೈತುಂಬ ಸೆರಗು ಹೊದ್ದ’ ಅನ್ನುವಾಗ ಸ್ವಲ್ಪ ಹೊಗಳಿಕೆ ಇದೆ ನಿಜ. ಆದರೆ ‘ಮೈತುಂಬ ಧೂಳು’, ‘ಮೈತುಂಬ ಗಾಯ’ ಅಂತಲೂ ಅನ್ನುತ್ತೇವೆ. ಅಲ್ಲಿ ಯಾವ ನೀತಿಯೂ ಇಲ್ಲ, ಅಳತೆ ಮಾತ್ರ. ಎಚ್ಚರಿಕೆ: ತಿರುಗಿಸಿ ‘ತುಂಬುಮೈ ಈಜುಡುಗೆ’ ಅಂದರೆ ಎಕ್ಸೆಲ್ ಸೈಜ್ ಆಗುತ್ತದೆ. ‘ಪೂರ್ಣಾಂಗ ಈಜುಡುಗೆ’ ಅಂತ ಒಬ್ಬರು ಸೂಚಿಸಿದರು. ಆಸ್ಪತ್ರೆಯ ಪಟ್ಟಿ ಸುತ್ತಿದ ಹಾಗಿದೆ, ಕ್ಷಮಿಸಿ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಮುಳುಗುಗಾರರೂ ಮೈತುಂಬ ಹಾಕುತ್ತಾರೆ, ಹಾಗಾದರೆ ಧರ್ಮದ ಮಾತು ಎಲ್ಲಿ ಹೋಯಿತು? ಧರ್ಮದ ವಿಷಯ ಬಂದಲ್ಲಿ ಅದನ್ನು ಬಾಯಿಬಿಟ್ಟೇ ಹೇಳೋಣ ಅನ್ನುವುದು ನನ್ನ ಉತ್ತರ. ‘ಧರ್ಮದ ಕಾರಣಕ್ಕೆ ಮೈತುಂಬ ತೊಡುವ ಈಜುಡುಗೆ’. ಉದ್ದ, ಒಪ್ಪಿದೆ. ಆದರೆ ಅದು ಸಂಪ್ರದಾಯಸ್ಥ ಯೆಹೂದಿ ಹೆಂಗಸರಿಗೂ ಹೊಂದುತ್ತದೆ. ಅವರಿಗಾಗಿ ಮಾಡಿದ ಇಂಥ ಉಡುಗೆಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಬುರ್ಕಿನಿ ಅಂದರೆ ಅವರು ಒಪ್ಪುತ್ತಾರೆಯೇ?

ಈಗ ‘ಬುರ್ಕಿನಿ’ ಹೆಸರಿಗೇ ಬರೋಣ. ಬುರ್ಖಾ ಮತ್ತು ಬಿಕಿನಿ ಸೇರಿಸಿ ಮಾಡಿದ್ದು. ಎರಡೂ ಅರ್ಧ ಸುಳ್ಳು. ಬುರ್ಖಾ ಮುಖ ಮುಚ್ಚುತ್ತದೆ, ಇದು ಮುಚ್ಚುವುದಿಲ್ಲ. ಮುಖ ಮುಚ್ಚುವ ಬಟ್ಟೆಯ ಮೇಲೆ 2011ರಿಂದ ಜಾರಿಯಲ್ಲಿರುವ ಫ್ರೆಂಚ್ ಕಾನೂನು ಇದಕ್ಕೆ ತಾಗದಿದ್ದುದು ಅದಕ್ಕೇ, ಮೇಯರುಗಳು ಬೇರೆ ಆದೇಶ ಹೊರಡಿಸಬೇಕಾಯಿತು. ಇನ್ನು ಬಿಕಿನಿ. 1946ರ ಜುಲೈ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತು. ನಾಲ್ಕು ದಿನ ಬಿಟ್ಟು ಪ್ಯಾರಿಸಿನಲ್ಲಿ ಲೂಯಿ ರೆಯಾರ್ ತನ್ನ ಎರಡು ತುಂಡಿನ ಉಡುಗೆಗೆ ಆ ಹೆಸರಿಟ್ಟ. ಆಮೇಲೆ ಜನ ‘ಬಿ’ ಅಂದರೆ ಎರಡು ಅಂದುಕೊಂಡು ಮೊನೊಕಿನಿ, ಟ್ಯಾಂಕಿನಿ ಅಂತ ಕತ್ತರಿಸಿದರು. ಆ ದ್ವೀಪದವರ ಭಾಷೆಯಲ್ಲಿ ‘ನಿ’ ಅಂದರೆ ತೆಂಗು. ಅಂತೂ ಬುರ್ಕಿನಿಯ ಬಾಲದಲ್ಲಿ ಒಂದು ತೆಂಗಿನಕಾಯಿ ನೇತಾಡುತ್ತಿದೆ.

ಕಾಗುಣಿತದ ಪ್ರಶ್ನೆ ಕೂಡ ಇದೆ. ನಾವು ‘ಬುರ್ಖಾ’ ಬರೆಯುತ್ತೇವೆ, ‘ಬುರ್ಕಿನಿ’ ಬರೆಯುತ್ತೇವೆ. ಮಹಾಪ್ರಾಣ ದಾರಿಯಲ್ಲಿ ಎಲ್ಲಿ ಬಿತ್ತು? ಮೂಲದಲ್ಲಿರುವ ಅಕ್ಷರ ಗಂಟಲಾಳದ ಕ. ಅದೇ ಅಕ್ಷರವಿರುವ ಹಕ್ಕು, ಬಾಕಿ, ಕಾನೂನು, ಕೈದಿ ಎಲ್ಲವನ್ನೂ ನಾವು ಅಲ್ಪಪ್ರಾಣದಲ್ಲೇ ಇಟ್ಟುಕೊಂಡಿದ್ದೇವೆ. ಆ ಲೆಕ್ಕಕ್ಕೆ ‘ಬುರ್ಕಾ’ವೇ ನೇರ, ‘ಬುರ್ಖಾ’ ರೂಢಿ. ರೂಢಿಯನ್ನು ತಿದ್ದಲು ನಾನು ಹೋಗಲ್ಲ. 2022ರಲ್ಲಿ ಉಡುಪಿಯ ಕಾಲೇಜಿನ ವಿಷಯ ಎದ್ದಾಗ ಹಿಜಾಬ್, ಬುರ್ಖಾ, ಸ್ಕಾರ್ಫ್, ಶಿರವಸ್ತ್ರ ಎಲ್ಲವೂ ಒಂದರ ಜಾಗದಲ್ಲಿ ಒಂದು ಬಂದು ಕೂತಿದ್ದವು. ಅದಕ್ಕೆ ಹೋಲಿಸಿದರೆ ಇದು ಒಂದು ಒತ್ತಿನ ಜಗಳ.

ನನಗೆ ನಿಜಕ್ಕೂ ನಿಮ್ಮ ಸಹಾಯ ಬೇಕಾದದ್ದು ಕ್ರಿಯಾಪದದಲ್ಲಿ. ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಸೆರಗು ಹೊದೆಯುತ್ತೇವೆ, ಹೂ ಮುಡಿಯುತ್ತೇವೆ. ಸುತ್ತಿಕೊಳ್ಳುವುದಕ್ಕೆ ಉಡು, ಕೈಕಾಲು ತೂರಿಸುವುದಕ್ಕೆ ತೊಡು. ಹಾಗಾದರೆ ಬುರ್ಕಿನಿ ‘ತೊಡು’. ಇಲ್ಲಿಯವರೆಗೆ ಕಷ್ಟವಿಲ್ಲ. ಆಮೇಲೆ ಕನ್ನಡ ಇನ್ನೊಂದು ಪ್ರಶ್ನೆ ಕೇಳುತ್ತದೆ: ತೊಟ್ಟುಕೊಂಡಳಾ, ತೊಡಿಸಿದರಾ? ಇಂಗ್ಲಿಷ್ ಲೇಖಕರು ‘ಬುರ್ಕಿನಿಯಲ್ಲಿದ್ದ ಮಹಿಳೆ’ ಅಂತ ಬರೆದು ತಪ್ಪಿಸಿಕೊಂಡಿದ್ದಾರೆ. ನಾನು ‘ಕೊಳ್ಳು’ ಸೇರಿಸಿದರೆ ಅದು ಅವಳ ಇಷ್ಟ ಅಂತ ಸಾಕ್ಷಿ ಹೇಳಿದ ಹಾಗೆ. ‘ಇಸು’ ಸೇರಿಸಿದರೆ ಮನೆಯವರ ಮೇಲೆ ದೂರು ಕೊಟ್ಟ ಹಾಗೆ. ಬೀಚಿನಲ್ಲಿ ಮಲಗಿದ್ದವಳನ್ನು ದೂರದಿಂದ ಕಂಡ ನನಗೆ ಎರಡೂ ಗೊತ್ತಿಲ್ಲ. ಅದಕ್ಕೆ ಬರೀ ‘ತೊಟ್ಟಿದ್ದಳು’ ಅಂತ ಬಿಟ್ಟಿದ್ದೇನೆ.

ಆದರೆ ಒಂದು ಕಡೆ ‘ಇಸು’ ಬಿಡಲು ಆಗುವುದಿಲ್ಲ. 2016ರ ಆಗಸ್ಟಿನಲ್ಲಿ ನೀಸ್ ಬೀಚಿನ ಫೋಟೋ ನೆನಪಿದೆಯಲ್ಲ? ನಾಲ್ವರು ಪೊಲೀಸರು ನಿಂತಿದ್ದಾರೆ, ಕೆಳಗೆ ಕೂತ ಹೆಂಗಸು ಮೇಲಿನ ನೀಲಿ ಅಂಗಿ ತೆಗೆಯುತ್ತಿದ್ದಾಳೆ. ಅವಳು ತೊಟ್ಟಿದ್ದದ್ದು ಬುರ್ಕಿನಿಯೂ ಅಲ್ಲ, ಉದ್ದ ಅಂಗಿ, ಲೆಗ್ಗಿಂಗ್ಸ್, ತಲೆವಸ್ತ್ರ ಅಷ್ಟೇ. ಅಡಿಬರಹ ಬರೆಯುವಾಗ ‘ಅಂಗಿ ತೆಗೆಯುತ್ತಿರುವ ಮಹಿಳೆ’ ಅಂದರೆ ಸುಳ್ಳಾಗುತ್ತದೆ. ಪೊಲೀಸರು ತೆಗೆಸುತ್ತಿದ್ದಾರೆ. ಆ ತಿಂಗಳ 26ರಂದು ಫ್ರಾನ್ಸಿನ ಅತಿ ಮೇಲಿನ ಆಡಳಿತ ನ್ಯಾಯಾಲಯ, ವಿಲ್‌ನವ್ ಲೂಬೆ ಎಂಬ ಊರಿನ ಇಂಥದ್ದೇ ಆದೇಶವನ್ನು ಮೂಲಭೂತ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ತಡೆಹಿಡಿಯಿತು. (2022ರಲ್ಲಿ ಗ್ರೆನೋಬಲ್ ನಗರ ತನ್ನ ಈಜುಕೊಳಗಳಲ್ಲಿ ಬುರ್ಕಿನಿ ಬಿಡಲು ಹೋದಾಗ ಅದೇ ನ್ಯಾಯಾಲಯ ಒಪ್ಪಲಿಲ್ಲ, ಅದು ಬೇರೆ ಕಥೆ.) ಇರಾನಿಗೆ ಹೋದರೆ ಇದೇ ‘ಇಸು’ ಇನ್ನೊಂದು ಧಾತುವಿಗೆ ಅಂಟುತ್ತದೆ. ಅಲ್ಲಿ ತಲೆವಸ್ತ್ರ ಹೊದಿಸುತ್ತಾರೆ. ಅದು ಸರಿಯಿಲ್ಲ ಅಂತ ಪೊಲೀಸರು ಹಿಡಿದೊಯ್ದ 22 ವರ್ಷದ ಮಹ್ಸಾ ಅಮಿನಿ 2022ರ ಸೆಪ್ಟೆಂಬರ್ 16ರಂದು ತೀರಿಕೊಂಡಳು. ತೆಗೆಸು, ಹೊದಿಸು. ಧಾತು ಬೇರೆ, ಪ್ರತ್ಯಯ ಒಂದೇ. ಲೇಖನದಲ್ಲಿ ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ. ಸಂಪಾದಕರು ಕತ್ತರಿಸದಿದ್ದರೆ ಸಾಕು.

ಕೊನೆಗೆ ಒಂದು ಪದ ಕೇಳಬೇಕು. ಚಿಕ್ಕವಳಿದ್ದಾಗ ತೀರ್ಥಹಳ್ಳಿ ಕಡೆ ಅಜ್ಜಿಯ ಜೊತೆ ತುಂಗೆಗೆ ಇಳಿಯುತ್ತಿದ್ದೆ. ಹೆಂಗಸರೆಲ್ಲ ಸೀರೆ ರವಿಕೆ ಬಂಡೆಯ ಮೇಲಿಟ್ಟು, ಲಂಗವನ್ನು ಎದೆಮಟ್ಟಕ್ಕೆ ಎತ್ತಿ ಲಾಡಿ ಬಿಗಿಯುತ್ತಿದ್ದರು. ನೀರಿಗೆ ಕಾಲಿಟ್ಟ ಕೂಡಲೇ ಲಂಗದೊಳಗೆ ಗಾಳಿ ತುಂಬಿ ಕುಂಬಳಕಾಯಿಯ ಹಾಗೆ ಮೇಲೇಳುತ್ತಿತ್ತು. ಅಜ್ಜಿ ಅಂಗೈಯಿಂದ ಪಟಪಟ ತಟ್ಟಿ ಗಾಳಿ ಬಿಡಿಸಿ, ಮುಳುಗಿ ಆ ಕಡೆ ಏಳುತ್ತಿದ್ದರು. ಹೆಗಲು ಪೂರ್ತಿ ಬರಿದು, ಮೊಣಕಾಲವರೆಗೆ ಬಟ್ಟೆ. ಅಜ್ಜಿ ಪೇಟೆಗೆ ಹೊರಟರೆ ಎರಡು ಹೆಗಲೂ ಮುಚ್ಚುವಂತೆ ಸೆರಗು ಹೊದೆಯುವವರು. ಹೊಳೆಯಲ್ಲಿ ಅವರಿಗೆ ಯಾರೂ ಸಭ್ಯತೆ ಕೇಳಲಿಲ್ಲ, ಅವರೂ ಯೋಚಿಸಿದಂತಿರಲಿಲ್ಲ.

ಹಾಗೆ ಲಂಗ ಎತ್ತಿ ಕಟ್ಟುವುದಕ್ಕೆ ನಿಮ್ಮ ಊರಲ್ಲಿ ಹೆಸರು ಇದೆಯಾ? ನಮ್ಮ ಮನೆಯಲ್ಲಿ ‘ಮೇಲೆ ಕಟ್ಕೋ’ ಅಂತ ಮಾತ್ರ ಅನ್ನುತ್ತಿದ್ದರು. ಲಂಗಕ್ಕೆ ‘ಪರಕರ’ ಅನ್ನುವ ಉತ್ತರ ಕರ್ನಾಟಕದವರು, ಕರಾವಳಿಯವರು, ಕೆರೆ ಬಾವಿಯಲ್ಲಿ ಈಜು ಕಲಿತವರು ದಯವಿಟ್ಟು ಬರೆಯಿರಿ. ಹೊಸ ಉಡುಗೆಗೆ ಹಳೆಯ ಪದವೊಂದು ಅಲ್ಲಿಂದ ಸಿಕ್ಕರೂ ಸಿಗಬಹುದು.

ಲೇಖನ ಸೋಮವಾರ ಕೊಡಬೇಕು. ಅಲ್ಲಿಯವರೆಗೆ ಐದನೆಯ ಸಾಲಿನಲ್ಲಿ, ಆ ಅಕ್ಕನ ಬಾಯಿಂದ ಬಂದ ‘ಫುಲ್ ಕಾಸ್ಟ್ಯೂಮು’ ಅಂತಲೇ ಇದೆ.